ಟಿಂಟ್ ಫಿಲ್ಮ್ ಬರುತ್ತೆ, ಅಂಟು ಬರಲ್ಲ

ಕಾರಿನ ಕಿಟಕಿ ಗಾಜಿಗೆ ಅಂಟಿಸಿದ್ದ ಹಳೇ ಟಿಂಟ್ ಫಿಲ್ಮ್, ಅಂದ್ರೆ ಬಿಸಿಲು ತಡೆಯೋ ಕಪ್ಪು ಹಾಳೆ, ನಾನೇ ತೆಗೀತೀನಿ ಅಂತ ಮೊದಲನೇ ಸಲ ಕೂತಾಗ ಎಲ್ರೂ ಮಾಡೋದನ್ನೇ ಮಾಡಿದೆ, ಮೂಲೇಲಿ ಉಗುರು ಹಾಕಿ ಎಬ್ಬಿಸಿ ಗಾಯದ ಪಟ್ಟಿ ಕಿತ್ತ ಹಾಗೆ ಪರ್ರಂತ ಎಳೆದೆ. ಅಂಗೈಯಗಲ ಚೂರು ಕೈಗೆ ಬಂತು, ಅಂಟೆಲ್ಲ ಗಾಜಿನ ಮೇಲೇ ಉಳೀತು. ಆ ಒಂದು ಕಿಟಕಿಗೇ ಇಡೀ ಮಧ್ಯಾಹ್ನ ಹೋಯ್ತು. ಎರಡನೇ ಕಿಟಕಿದು ಮಾತ್ರ ಒಂದೇ ಹಾಳೆಯಾಗಿ ಬಂತು, ಹತ್ತೇ ನಿಮಿಷ. ಅದೇ ಕಾರು, ಅದೇ ಫಿಲ್ಮ್, ಅದೇ ಅಂಟು. ಬದಲಾಗಿದ್ದು ಎರಡೇ, ಬಿಸಿ ಮತ್ತೆ ಎಳೆಯೋ ಸ್ಪೀಡು.

ಫಿಲ್ಮ್ ಅಂದ್ರೆ ಏನೋ ದೊಡ್ಡ ವಸ್ತು ಅಲ್ಲ, ನೀರಿನ ಬಾಟಲಿ ಮಾಡೋ ಪೆಟ್ ಪ್ಲಾಸ್ಟಿಕ್ಕೇ, ದಪ್ಪ ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್, ಒಂದು ಕೂದಲೆಳೆಯಷ್ಟೋ ಅದಕ್ಕಿಂತ ತೆಳುವೋ. ಅದರ ಒಂದು ಕಡೆ ಗೀರು ಬೀಳದ ಹಾಗೆ ಗಟ್ಟಿ ಲೇಪ, ಇನ್ನೊಂದು ಕಡೆ ಅಕ್ರಿಲಿಕ್ ಅಂಟು. ಅಗ್ಗದ ಫಿಲ್ಮಲ್ಲಿ ಬಣ್ಣಕ್ಕೆ ಡೈ ಹಾಕಿರ್ತಾರೆ, ಕಪ್ಪು ಕಾಣಲಿ ಅಂತ ಬೇರೆ ಬೇರೆ ಡೈ ಬೆರೆಸಿರ್ತಾರೆ, ಬಿಸಿಲಿನ ಅಲ್ಟ್ರಾವಯಲೆಟ್ ಎಲ್ಲ ಡೈಗಳನ್ನೂ ಒಂದೇ ವೇಗದಲ್ಲಿ ಒಡೆಯಲ್ಲ, ಕೆಲವು ಬೇಗ ಸಾಯ್ತವೆ, ಉಳಿದವು ಸೇರಿ ಹಳೇ ಫಿಲ್ಮಲ್ಲಿ ಕಾಣೋ ಆ ನೇರಳೆ ಬಣ್ಣ ಬರುತ್ತೆ. ಗುಳ್ಳೆ ಎದ್ದಿದೆ ಅಂದ್ರೆ ಅಂಟು ಕೂಡ ಕೈ ಕೊಡ್ತಿದೆ ಅಂತ ಅರ್ಥ. ಇಷ್ಟೊತ್ತಿಗೆ ಪ್ಲಾಸ್ಟಿಕ್ಕೂ ಬಿಸಿಲಿಗೆ ಪೆಡಸಾಗಿರುತ್ತೆ, ಅದಕ್ಕೇ ಹೊಸ ಫಿಲ್ಮ್ ಸಲೀಸಾಗಿ ಬರುತ್ತೆ, ಹಳೇದು ಚೂರುಚೂರಾಗುತ್ತೆ. (ಶುರು ಮಾಡೋ ಮುಂಚೆ ಗಾಜು ಇಳಿಸಿ ಮೇಲಿನ ಅಂಚು ನೋಡ್ಕೊಳ್ಳಿ, ಫಿಲ್ಮಿನ ಅಂಚು ಕಾಣದೇ ಇದ್ರೆ ಅದು ಗಾಜಿನ ಒಳಗೇ ಇರೋ ಬಣ್ಣ ಇರಬಹುದು, ಅದನ್ನ ಯಾವ ಜನ್ಮಕ್ಕೂ ಕೀಳೋಕಾಗಲ್ಲ.)

ನಿಜವಾದ ಆಟ ಇರೋದು ಅಂಟಲ್ಲಿ. ಈ ತರದ ಅಂಟು ಫೆವಿಕ್ವಿಕ್ ಹಾಗೆ ಒಣಗಿ ಕಲ್ಲಾಗಲ್ಲ, ಎಷ್ಟು ವರ್ಷ ಆದ್ರೂ ಅರ್ಧ ದ್ರವ ಅರ್ಧ ರಬ್ಬರ್ ಆಗೇ ಇರುತ್ತೆ. ಒತ್ತಿದಾಗ ನಿಧಾನಕ್ಕೆ ಹರಿದು ಗಾಜಿನ ಸಣ್ಣಸಣ್ಣ ಉಬ್ಬುತಗ್ಗಿಗೆಲ್ಲ ಇಳಿಯುತ್ತೆ, ಆಮೇಲೆ ಅಣು ಅಣು ನಡುವಿನ ಬಲಹೀನ ಸೆಳೆತಗಳೇ ಕೋಟಿಗಟ್ಟಲೆ ಸೇರ್ಕೊಂಡು ಹಿಡ್ಕೊಳ್ತವೆ. ಇಂಥ ಅಂಟಿನ ಚರಿತ್ರೆಲೂ ಕಾರೇ ಬರುತ್ತೆ ನೋಡಿ, 1925ರಲ್ಲಿ ತ್ರೀಎಂ ಕಂಪನಿಯ ರಿಚರ್ಡ್ ಡ್ರೂ ಮಾಸ್ಕಿಂಗ್ ಟೇಪ್ ಮಾಡಿದ್ದು ಕಾರಿಗೆ ಎರಡು ಬಣ್ಣ ಹೊಡೆಯೋರಿಗೋಸ್ಕರ, ಕೆಲಸ ಮುಗಿದ ಮೇಲೆ ಪೇಂಟ್ ಕಿತ್ಕೊಂಡು ಬರದೆ ಸುಮ್ಮನೆ ಬಿಟ್ಟುಬರೋ ಟೇಪು ಬೇಕಿತ್ತು ಅವರಿಗೆ. ಟಿಂಟ್ ಅಂಟು ಅದರ ತದ್ವಿರುದ್ಧ, ವರ್ಷಾನುಗಟ್ಟಲೆ ಬಿಡಬಾರದು ಅಂತಲೇ ಮಾಡಿರೋದು.

ಅರ್ಧ ದ್ರವ ಅಂದ್ನಲ್ಲ, ಅದರ ಸ್ವಭಾವ ಹೇಗೆ ಅಂದ್ರೆ ಹರಿಯೋಕೆ ಟೈಮ್ ಬೇಕು. ನಿಧಾನಕ್ಕೆ ಎಳೆದ್ರೆ ಅಣುಸರಪಳಿಗಳು ಒಂದರ ಮೇಲೊಂದು ಜಾರಿ ದಾರಿ ಬಿಡ್ತವೆ. ಜೋರಾಗಿ ಎಳೆದ್ರೆ ಜಾರೋಕೆ ಪುರುಸೊತ್ತೇ ಸಿಗಲ್ಲ, ಅಂಟು ಗಟ್ಟಿ ರಬ್ಬರ್ ತರ ಆಡುತ್ತೆ, ಅಷ್ಟು ಬಲಾನ ಪೆಡಸಾದ ಫಿಲ್ಮ್ ತಡಕೊಳ್ಳಲ್ಲ, ಹರಿಯುತ್ತೆ. ಇನ್ನು ಬಿಸಿ ಮಾಡೋದು ಅಂದ್ರೆ ಅಂಟಿಗೆ ಟೈಮ್ ಕೊಟ್ಟ ಹಾಗೇನೇ ಲೆಕ್ಕ, ಬಿಸಿ ಅಂಟು ಒಂದು ಸೆಕೆಂಡಲ್ಲಿ ಮಾಡೋ ಕೆಲಸಾನ ತಣ್ಣಗಿರೋ ಅಂಟು ಎಷ್ಟೋ ಹೊತ್ತು ತಗೊಂಡು ಮಾಡುತ್ತೆ. ಪಾಲಿಮರ್ ವಿಜ್ಞಾನದಲ್ಲಿ ತಾಪ ಮತ್ತೆ ಸಮಯಾನ ಒಂದರ ಬದಲು ಇನ್ನೊಂದು ಅಂತ ಲೆಕ್ಕ ಹಾಕೋದು ಮಾಮೂಲಿ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆ ನನ್ನ ಮೊದಲನೇ ಕಿಟಕಿ ನೋಡೇ ಮಾಡಿರಬೇಕು.

ಎಳೆಯೋ ಕೋನಾನೂ ಮುಖ್ಯ. ಸರಳ ಲೆಕ್ಕದ ಪ್ರಕಾರ ಗಾಜಿಗೆ 90 ಡಿಗ್ರಿಯಲ್ಲಿ ಎಳೆಯೋಕೆ ಎಷ್ಟು ಬಲ ಬೇಕೋ, ಪೂರ್ತಿ ಹಿಂದಕ್ಕೆ ಮಡಚಿ 180 ಡಿಗ್ರಿಯಲ್ಲಿ ಎಳೆದ್ರೆ ಅದರ ಅರ್ಧ ಸಾಕು, ಅದೇ ಗಾಜಿಗೆ ಹತ್ತಿರವಾಗಿ 30 ಡಿಗ್ರಿಯಲ್ಲಿ ಎಳೆದ್ರೆ ಏಳು ಪಟ್ಟಿಗಿಂತ ಜಾಸ್ತಿ ಬೇಕು. ಹಾಗಂತ ಪೂರ್ತಿ ಮಡಚಿದ್ರೆ ಹಳೇ ಫಿಲ್ಮ್ ಮಡಿಕೆಯಲ್ಲೇ ಸೀಳುತ್ತೆ, ಹಾಗಾಗಿ 90ಕ್ಕಿಂತ ಸ್ವಲ್ಪ ಜಾಸ್ತಿ ಬಾಗಿಸಿ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಎಳೆಯೋದು ನನಗೆ ಸರಿ ಅನ್ಸಿದ್ದು.

ಬಿಸಿಗೆ ನನ್ನ ಓಟು ಸ್ಟೀಮರ್‌ಗೆ. ಹೀಟ್ ಗನ್ನಿನ ಗಾಳಿ ಐನೂರು ಡಿಗ್ರಿ ಸೆಲ್ಸಿಯಸ್ ದಾಟಬಹುದು, ಪೆಟ್ ಸುಮಾರು 70ಕ್ಕೆ ಮೆತ್ತಗಾಗೋಕೆ ಶುರುವಾಗುತ್ತೆ, 250 ದಾಟಿದ್ರೆ ಕರಗುತ್ತೆ, ಕೈ ಒಂದು ಕ್ಷಣ ನಿಂತ್ರೆ ಫಿಲ್ಮ್ ಸುರುಟಿಹೋಗುತ್ತೆ. ಗಾಜಿಗೂ ಒಂದೇ ಜಾಗ ಕಾಯಿಸೋದು ಒಳ್ಳೇದಲ್ಲ, ಮುಂದಿನ ಗಾಜಂತೂ ಎರಡು ಹಾಳೆ ಅಂಟಿಸಿ ಮಾಡಿದ್ದು, ಒಂದು ಕಡೆ ಬಿಸಿ ಒಂದು ಕಡೆ ತಣ್ಣಗಾದ್ರೆ ಬಿರುಕು ಬಿಡಬಹುದು. ಸ್ಟೀಮ್ ಹಾಗಲ್ಲ, 100ರ ಆಸುಪಾಸಲ್ಲೇ ನಿಲ್ಲುತ್ತೆ. ಆದ್ರೆ ಅದರ ಹೊಟ್ಟೆಯೊಳಗೆ ಶಾಖ ಮಾತ್ರ ಸಿಕ್ಕಾಪಟ್ಟೆ, ಒಂದು ಕೆಜಿ ಹಬೆ ಗಾಜಿನ ಮೇಲೆ ನೀರಾಗುವಾಗ ಸುಮಾರು 2260 ಕಿಲೋಜೂಲ್ ಬಿಡುತ್ತೆ, ಅದೇ ಒಂದು ಕೆಜಿ ನೀರನ್ನ 30 ಡಿಗ್ರಿಯಿಂದ ಕುದಿಯೋ ಹಂತಕ್ಕೆ ತರೋಕೆ ಬೇಕಾಗೋದರ ಏಳು ಪಟ್ಟಿಗೂ ಜಾಸ್ತಿ. ಎಲ್ಲಿ ತಣ್ಣಗಿದೆಯೋ ಅಲ್ಲೇ ಹೋಗಿ ನೀರಾಗೋದ್ರಿಂದ ಬಿಸಿ ತಾನಾಗೇ ಸಮವಾಗಿ ಹರಡುತ್ತೆ. ಡೋರಿನ ಸ್ವಿಚ್ಚುಗಳ ಮೇಲೆ ದಪ್ಪ ಟವಲ್ ಹಾಕೋದು ಮರೀಬೇಡಿ, ಆ ನೀರೆಲ್ಲ ಇಳಿಯೋದು ಅಲ್ಲಿಗೇ.

ಸ್ಟೀಮರ್ ಇಲ್ದೋರು ಅಮೋನಿಯ ದಾರಿ ಹಿಡೀತಾರೆ. ಒಳಗಡೆ ಫಿಲ್ಮಿಗೆ ಅಮೋನಿಯ ಚಿಮುಕಿಸಿ ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಬಿಡೋದು. ಅಕ್ರಿಲಿಕ್ ಅಂಟಲ್ಲಿ ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಗುಂಪುಗಳಿರ್ತವೆ, ಅಮೋನಿಯ ಕ್ಷಾರ, ಎರಡೂ ಸೇರಿ ಲವಣದ ರೂಪಕ್ಕೆ ಬಂದಾಗ ಅಂಟು ನೀರು ಹೀರ್ಕೊಂಡು ಉಬ್ಬುತ್ತೆ, ಹಿಡಿತ ಸಡಿಲ ಆಗುತ್ತೆ. ಕೆಲಸ ಆಗುತ್ತೆ ನಿಜ, ಆದ್ರೆ ಮುಚ್ಚಿದ ಕಾರಲ್ಲಿ ಆ ಹೊಗೆ ಕಣ್ಣು ಗಂಟಲು ಸುಡುತ್ತೆ, ಎಲ್ಲ ಬಾಗಿಲು ತೆಗೆದಿರಬೇಕು, ಕೈಗೆ ಗ್ಲೌಸ್ ಬೇಕು. ಬ್ಲೀಚ್ ಜೊತೆ ಮಾತ್ರ ಯಾವ ಕಾರಣಕ್ಕೂ ಸೇರಿಸಬಾರದು, ಕ್ಲೋರಮೈನ್ ಅನ್ನೋ ವಿಷಗಾಳಿ ಬರುತ್ತೆ.

ಉಳಿದ ಅಂಟಿಗೆ ಸೋಪು ನೀರು, ಹೊಸ ಬ್ಲೇಡು. ಗಾಜಿಗೆ ಗೀರು ಹಾಕೋದು ಹೆಚ್ಚಾಗಿ ಬ್ಲೇಡ್ ಅಲ್ಲ, ಬ್ಲೇಡ್ ಕೆಳಗೆ ಸಿಕ್ಕಿಹಾಕಿಕೊಂಡ ಮರಳು, ಮೋಸ್ ಗಡಸುತನದ ಲೆಕ್ಕದಲ್ಲಿ ಗಾಜು ಸುಮಾರು ಐದೂವರೆ, ಮರಳಿನ ಸ್ಫಟಿಕ ಏಳು. ಅದಕ್ಕೇ ಮೊದಲು ತೊಳೀಬೇಕು, ಗಾಜು ಒದ್ದೆಯಾಗೇ ಇರಬೇಕು, ಮುಂದಕ್ಕೆ ಮಾತ್ರ ತಳ್ಳಬೇಕು, ವಾಪಸ್ ಎಳೀಬಾರದು. ಹಿಂದಿನ ಗಾಜಿಗೆ ಬ್ಲೇಡ್ ಮುಟ್ಟಿಸ್ಲೇಬೇಡಿ, ಅಲ್ಲಿರೋ ಡಿಫಾಗರ್ ಗೆರೆಗಳು, ಅಂದ್ರೆ ಗಾಜು ಬಿಸಿ ಮಾಡಿ ಮಂಜು ಕರಗಿಸೋ ಗೆರೆಗಳು, ಬೆಳ್ಳಿ ಪೇಸ್ಟನ್ನ ಗಾಜಿನ ಮೇಲೆ ಅಚ್ಚು ಹಾಕಿ ಸುಟ್ಟು ಕೂರಿಸಿರೋದು, ಒಂದು ಕಡೆ ಕಡಿದ್ರೆ ಆ ಗೆರೆಗೆ ಪೂರ್ತಿ ಕರೆಂಟ್ ಬಂದ್. ಬದಲಿಗೆ ಡಿಫಾಗರ್ ಆನ್ ಮಾಡಿದ್ರೆ ಗಾಜೇ ಬೆಚ್ಚಗಾಗಿ ಅಂಟು ಮೆತ್ತಗಾಗುತ್ತೆ, ಆಮೇಲೆ ಗೆರೆ ಹೋದ ದಿಕ್ಕಲ್ಲೇ ಫಿಲ್ಮ್ ಎಳ್ಕೊಳ್ಳಿ, ಉಳಿದಿದ್ದನ್ನ ಬಟ್ಟೆ ಮತ್ತೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಉಜ್ಜಿ.

ಎಲ್ಲ ಕ್ಲೀನ್ ಆಯ್ತು ಅನ್ಸಿದ ಮೇಲೆ ಒಣ ಬಟ್ಟೆ ಹಗೂರಕ್ಕೆ ಎಳೆದು ನೋಡಿ, ಎಲ್ಲಿ ತಡೆಯುತ್ತೋ ಅಲ್ಲಿ ಇನ್ನೂ ಅಂಟಿದೆ. ನನ್ನ ಆ ಮೊದಲನೇ ಕಿಟಕಿಯ ಕೆಳಗಿನ ಮೂಲೇಲಿ, ರಬ್ಬರ್ ಬೀಡಿಂಗ್ ಪಕ್ಕ, ಈಗಲೂ ಬಟ್ಟೆ ತಡೆಯುತ್ತೆ.