ಸಲಿನಿಟಿ: ಉಪ್ಪುನೀರಿನ ಟ್ಯಾಂಕ್ ಮೊದಲ ಸಲ ತುಂಬುವವರಿಗೆ

ಹಾಸನ, ಚಿಕ್ಕಮಗಳೂರಿನ ಕಡೆ ಗಪ್ಪಿ, ಗೋಲ್ಡ್ ಫಿಶ್ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಕ್ಲೌನ್ ಫಿಶ್ ನೋಡಿದ ಮೇಲೆ ಉಪ್ಪುನೀರಿನ ಟ್ಯಾಂಕ್ ಇಡುವ ಆಸೆ ಹುಟ್ಟುತ್ತದೆ. ಗಾಜು, ಪಂಪು, ಲೈಟು ಎಲ್ಲ ಮನೆಗೆ ಬಂದ ಮೇಲೆ ಮೊದಲು ಎದುರಾಗುವ ಪದ ಸಲಿನಿಟಿ. ಶಾಲೆಯ ಪುಸ್ತಕದಲ್ಲಿ ಲವಣಾಂಶ ಅಂತ ಓದಿದ್ದು ಇದನ್ನೇ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಸೇರಿಸಿದರೆ ಎಷ್ಟು ಗ್ರಾಂ ಆಗುತ್ತದೋ ಅದು ಆ ನೀರಿನ ಸಲಿನಿಟಿ. ಸಾಗರಗಳಲ್ಲಿ ಇದು ಸರಾಸರಿ 35 ಗ್ರಾಂ. ಸಾವಿರಕ್ಕೆ 35 ಪಾಲು, ಅಂದರೆ 35 ಪಿಪಿಟಿ. ಕೆಂಪು ಸಮುದ್ರದಲ್ಲಿ 40ರ ಹತ್ತಿರ ಇರುತ್ತದೆ. ಅರಬ್ಬೀ ಸಮುದ್ರದಲ್ಲಿ 36ರ ಆಸುಪಾಸು. ದೊಡ್ಡ ದೊಡ್ಡ ನದಿಗಳು ಬಂದು ಸೇರುವ ಬಂಗಾಳ ಕೊಲ್ಲಿಯಲ್ಲಿ ಅದಕ್ಕಿಂತ ಕಡಿಮೆ.

ಇಲ್ಲಿ 'ಎಲ್ಲ ಲವಣಗಳು' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೂರು ಲೀಟರ್ ನೀರಿಗೆ ಮೂರೂವರೆ ಕಿಲೋ ಕಲ್ಲುಪ್ಪು ಸುರಿದರೆ ಸಮುದ್ರದ ನೀರಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅಡುಗೆ ಉಪ್ಪು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ನೂರಕ್ಕೆ ಸುಮಾರು 86 ಪಾಲು ಮಾತ್ರ. ಉಳಿದದ್ದರಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಖ್ಯವಾದವು. ಹವಳ ತನ್ನ ಗೂಡು ಕಟ್ಟುವುದು ಈ ಕ್ಯಾಲ್ಸಿಯಂನಿಂದಲೇ. ಕಲ್ಲುಪ್ಪು ಸಮುದ್ರದಿಂದಲೇ ಬಂದದ್ದಲ್ವಾ ಎಂದರೆ, ಹೌದು. ಆದರೆ ಉಪ್ಪಿನ ಗದ್ದೆಯಲ್ಲಿ ನೀರು ಆರುವಾಗ ಕ್ಯಾಲ್ಸಿಯಂನ ಬಹುಪಾಲು ಮೊದಲೇ ತಳ ಸೇರುತ್ತದೆ. ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನ ಜೊತೆ ಹೊರಗೆ ಹೋಗುತ್ತದೆ. ನಡುವೆ ಸಿಗುವ ಹರಳೇ ನಮ್ಮ ಅಡುಗೆಮನೆಗೆ ಬರುವುದು. ಅದನ್ನು ಕರಗಿಸಿದರೂ ಸಲಿನಿಟಿ ಅಳೆಯುವ ಮೀಟರ್ 35 ತೋರಿಸಬಹುದು. ಮೀಟರ್‌ಗೆ ಯಾವ ಲವಣ ಎಂದು ಗೊತ್ತಾಗುವುದಿಲ್ಲ.

ಹಾಗಾದರೆ ಒಂದೇ ಒಂದು ಸಂಖ್ಯೆಯನ್ನು ಇಷ್ಟೊಂದು ನಂಬುವುದು ಯಾಕೆ? ಚಾಲೆಂಜರ್ ಎಂಬ ಹಡಗು 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿ ನೀರಿನ ಮಾದರಿ ತಂದಿತ್ತು. ಅದರಲ್ಲಿ 77 ಮಾದರಿಗಳನ್ನು ರಸಾಯನ ವಿಜ್ಞಾನಿ ವಿಲಿಯಂ ಡಿಟ್ಮಾರ್ ಪರೀಕ್ಷೆ ಮಾಡಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಲವಣ ಕಡೆಯಿಂದ ಕಡೆಗೆ ಹೆಚ್ಚುಕಡಿಮೆ ಆದರೂ, ಮುಖ್ಯ ಲವಣಗಳು ಒಂದಕ್ಕೊಂದು ಇರುವ ಪಾಲು ಬಹುತೇಕ ಬದಲಾಗುವುದಿಲ್ಲ ಎಂಬುದು ಅದರಲ್ಲಿ ಗಟ್ಟಿಯಾಯಿತು. ನನಗೆ ಇದು ಇವತ್ತಿಗೂ ಬೆರಗು ಹುಟ್ಟಿಸುವ ವಿಷಯ. ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಉಪ್ಪನ್ನು ಇದೇ ಪಾಲಿಗೆ ಹತ್ತಿರವಾಗಿ ಕೂಡಿಸಿರುತ್ತಾರೆ. ಹಾಗಾಗಿ ಆ ಉಪ್ಪು ಬಳಸಿದಾಗ ಮಾತ್ರ 35 ಎಂಬುದಕ್ಕೆ ಅರ್ಥ.

ಘಟ್ಟ ಇಳಿದರೆ ಮಂಗಳೂರು, ಕ್ಯಾನಿನಲ್ಲಿ ಸಮುದ್ರದ ನೀರೇ ತಂದರಾಗದೇ? ದಡದ ನೀರಿನಲ್ಲಿ ಊರಿನ ಕೊಳೆ, ದೋಣಿಯ ಎಣ್ಣೆ ಇರುತ್ತದೆ. ಸಲಿನಿಟಿಯೂ ನಿಂತಲ್ಲಿ ನಿಲ್ಲುವುದಿಲ್ಲ. ನಮ್ಮ ಕುದುರೆಮುಖದ ಕಡೆ ಸುರಿದ ಮಳೆ ನೇತ್ರಾವತಿಯಾಗಿ ಮಂಗಳೂರಿನಲ್ಲೇ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಅಳಿವೆಯ ಸುತ್ತಮುತ್ತಲ ನೀರು ಬಹಳ ಸಪ್ಪೆಯಾಗಿರುತ್ತದೆ. ಉಪ್ಪು ತಂದು ಮನೆಯಲ್ಲೇ ಕಲಸುವುದು ಮೇಲು.

ಕಲಸುವ ನೀರು ಆರ್‌ಓ ನೀರಾಗಿರಲಿ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಬೇರೆ ಲವಣಗಳಿರುತ್ತವೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮನೆಯ ಆರ್‌ಓ ಯಂತ್ರ ಇದ್ದರೆ ಸುಮ್ನೆ ನಂಬಬೇಡಿ. ಬಾಯಿಗೆ ರುಚಿಯಾಗಲಿ ಎಂದು ಹಲವು ಯಂತ್ರಗಳು ಸ್ವಲ್ಪ ಖನಿಜವನ್ನು ಉಳಿಸುತ್ತವೆ. ನೀರಿನಲ್ಲಿ ಕರಗಿರುವ ಲವಣ, ಖನಿಜ ಎಷ್ಟೆಂದು ಹೇಳುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು.

ಇನ್ನು ಲೆಕ್ಕ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಗಾಜಿನ ಅಳತೆಯಲ್ಲಿ ಸುಮಾರು 190 ಲೀಟರ್ ಬರುತ್ತದೆ. ಮರಳು, ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾಗಿ ಹಿಡಿಯುವುದು 150 ಲೀಟರ್ ಇರಬಹುದು. 190 ಲೀಟರಿಗೆಂದು ತೂಗಿದ ಉಪ್ಪನ್ನು ಈ 150 ಲೀಟರಿಗೆ ಹಾಕಿದರೆ ಸಲಿನಿಟಿ 40 ದಾಟಿಬಿಡುತ್ತದೆ. ಬಕೆಟ್ಟಿನಲ್ಲಿ ಅಳೆದು ಸುರಿದ ನೀರೇ ಸರಿಯಾದ ಲೆಕ್ಕ. ಲೀಟರಿಗೆ 35ರಿಂದ 38 ಗ್ರಾಂ ಉಪ್ಪು ಬೇಕಾಗುತ್ತದೆ, ಪೊಟ್ಟಣದ ಮೇಲೆ ಬರೆದಿರುತ್ತಾರೆ. ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರು ಸುರಿಯಬೇಡಿ. ನೀರು ಕಡಿಮೆ ಇದ್ದಾಗ ಉಪ್ಪು ದಟ್ಟವಾಗಿ ಕ್ಯಾಲ್ಸಿಯಂ ಸುಣ್ಣದಂತೆ ಬೆಳ್ಳಗೆ ತಳ ಹಿಡಿಯುತ್ತದೆ. ಮೊದಲ ಸಲ ಟ್ಯಾಂಕಿನಲ್ಲೇ ಕಲಸಬಹುದು, ಒಳಗೆ ಜೀವ ಇರುವುದಿಲ್ಲ. ಆಮೇಲೆ ಯಾವತ್ತೂ ಬೇರೆ ಡ್ರಮ್ಮಿನಲ್ಲೇ. ಪಂಪ್, ಹೀಟರ್ ಹಾಕಿ ಒಂದು ದಿನ ತಿರುಗಲು ಬಿಡಿ, ಆಮೇಲೆ ಅಳೆಯಿರಿ.

ಅಳೆಯಲು ರಿಫ್ರ್ಯಾಕ್ಟೋಮೀಟರ್ ಒಳ್ಳೆಯದು, ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಲಿನಿಟಿ ತೋರಿಸುವ ಸಾಧನ ಇದು. ಅದರಲ್ಲಿ 35ರ ಪಕ್ಕ 1.026 ಎಂದೂ ಇರುತ್ತದೆ. ಅದೇ ಬಿಸಿಯ ಶುದ್ಧ ನೀರಿಗಿಂತ ಈ ನೀರು ಎಷ್ಟು ಪಟ್ಟು ಭಾರ ಎಂಬ ಲೆಕ್ಕ ಅದು. ಸಾಧನವನ್ನು ಬರೀ ಶುದ್ಧ ನೀರಿಗೆ ಸೊನ್ನೆ ಮಾಡಿದರೆ ಸಾಲದು. 35 ಪಿಪಿಟಿಯ ದ್ರಾವಣ ಅಂತಲೇ ಸಿಗುತ್ತದೆ, ಅದರಲ್ಲಿ ಹೊಂದಿಸಿ.

ತುಂಬಿದ ಮೇಲೂ ಸಂಖ್ಯೆ ಅಲ್ಲೇ ಕೂರುವುದಿಲ್ಲ. ಸಾರು ಕುದ್ದಷ್ಟೂ ಉಪ್ಪಾಗುವ ಹಾಗೆ, ಟ್ಯಾಂಕಿನಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. 35 ಪಿಪಿಟಿಯ ನೂರು ಲೀಟರಿನಲ್ಲಿ ಐದು ಲೀಟರ್ ಆರಿದರೆ ಸಲಿನಿಟಿ 37ರ ಹತ್ತಿರ ಹೋಗುತ್ತದೆ. ಇಳಿದಷ್ಟು ನೀರಿಗೆ ಮತ್ತೆ ಉಪ್ಪುನೀರು ಹಾಕುವವರನ್ನು ನೋಡಿದಾಗ ನಿಜವಾಗಿ ಸಂಕಟ ಆಗುತ್ತದೆ. ಸೇರಿಸಬೇಕಾದ್ದು ಸಿಹಿ ಆರ್‌ಓ ನೀರು. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ದಿನಾ ಅಲ್ಲಿಯವರೆಗೆ ತುಂಬಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಜಾಸ್ತಿ ಬೇಕಾಗುತ್ತದೆ.

ಸಮುದ್ರದ ಮೀನಿನ ಮೈಯ ದ್ರವದಲ್ಲಿರುವ ಲವಣ ಸುತ್ತಲಿನ ನೀರಿನದರ ಸುಮಾರು ಮೂರನೇ ಒಂದು ಪಾಲು. ಹಾಗಾಗಿ ಅದರ ಮೈಯಿಂದ ನೀರು ಸದಾ ಹೊರಗೆ ಜಾರುತ್ತಿರುತ್ತದೆ. ಮೀನು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತಾ ಬದುಕುತ್ತದೆ. ಸಲಿನಿಟಿ ಏರಿದರೆ ಈ ದುಡಿಮೆಯೂ ಏರುತ್ತದೆ. ಹವಳ, ಸೀಗಡಿ, ನಕ್ಷತ್ರ ಮೀನಿಗೆ ಈ ಶಕ್ತಿಯೂ ಅಷ್ಟಿಲ್ಲ. ಅವಕ್ಕೆ ದಿಢೀರ್ ಬದಲಾವಣೆಯೇ ಸಾಕು, ಸತ್ತುಹೋಗುತ್ತವೆ.

ಮೀನು ಬಿಡುವ ಮೊದಲು ಟ್ಯಾಂಕಿನಲ್ಲಿ ಮೀನಿನ ಕಸವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಕೆಲವು ವಾರ ಬೇಕು. ಆಮೇಲೆ ಮೀನು ತರುವಾಗ ಅಂಗಡಿಯ ನೀರಿನ ಸಲಿನಿಟಿ ಎಷ್ಟು ಎಂದು ಕೇಳಿ. ಕೆಲವು ಅಂಗಡಿಗಳಲ್ಲಿ ಮೀನಿನ ತೊಟ್ಟಿಯನ್ನು 35ಕ್ಕಿಂತ ಸಾಕಷ್ಟು ಕಡಿಮೆ ಇಟ್ಟಿರುತ್ತಾರೆ. ಹಾಗಿದ್ದರೆ ಆ ಮೀನನ್ನು ನೇರ 35ಕ್ಕೆ ಬಿಡಬೇಡಿ. ಬೇರೆ ಚಿಕ್ಕ ತೊಟ್ಟಿಯಲ್ಲಿ ಅಂಗಡಿಯಷ್ಟೇ ಸಲಿನಿಟಿಯಿಂದ ಶುರು ಮಾಡಿ, ದಿನಕ್ಕೆ ಒಂದೆರಡು ಪಿಪಿಟಿಯಂತೆ ಏರಿಸುತ್ತಾ ಬನ್ನಿ.