ಸ್ಟೇಷನ್ ಹೇಳಿ ಮಲಗುವ ಚಿಪ್

ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕಳೆದ ಕೊಯ್ಲಿನ ಹೊತ್ತಿಗೆ ಶಿವಮೊಗ್ಗದ ನನ್ನ ಅಂಗಡಿಗೆ ಬಂದು ಒಂದು ಚೀಲ ಗುಜರಿ ಸುರಿದರು. ಹಳೆ ಎಂಪಿ3 ಪ್ಲೇಯರ್, ಟಿವಿಯ ಸ್ಪೀಕರ್, ಲ್ಯಾಪ್‌ಟಾಪ್ ಬ್ಯಾಟರಿ, ಮಗ ಕಾಲೇಜಿನಲ್ಲಿ ಆಡಿ ಬಿಟ್ಟ ಆರ್ಡುಯಿನೊ ಉನೊ ಎಂಬ ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡು. "ಮಾರಾಯ್ರೆ, ಇದ್ರಲ್ಲೇ ಒಂದು ರೇಡಿಯೋ ಮಾಡಿಕೊಡಿ. ಅಡಿಕೆ ಸುಲಿಯುವಾಗ ಭದ್ರಾವತಿ ಕೇಳ್ಬೇಕು. ಕರೆಂಟು ನಂಬ್ಕೊಂಡು ಮಾತ್ರ ಮಾಡ್ಬೇಡಿ" ಎಂದರು.

ಪ್ಲೇಯರ್ ಒಳಗೆ ಟಿಇಎ5767 ಎಂಬ ಎಫ್‌ಎಂ ರೇಡಿಯೋ ಮಾಡ್ಯೂಲ್ ಸಿಕ್ಕಿತು. ಕಾಲುಗಳಿಗೆಲ್ಲ ಹಸಿರು ಕಿಲುಬು. ಮಲೆನಾಡಿನ ಸಾಮಾನು, ಇನ್ನೇನಿರುತ್ತದೆ? ಆಲ್ಕೋಹಾಲ್ ಹಾಕಿ ಉಜ್ಜಿ, ಒಣಗಿಸಿದೆ.

ರೇಡಿಯೋ ಕೆಲಸವೆಲ್ಲ ಈ ಮಾಡ್ಯೂಲಿನದೇ. ಉನೊದಿಂದ ಕಿತ್ತ ಅದರ ಮುಖ್ಯ ಚಿಪ್ ಎಟಿಮೆಗಾ328ಪಿ, ಯಾವ ಸ್ಟೇಷನ್ ಎಂದು ಹೇಳಲು ಅದಕ್ಕೆ ಎರಡು ತಂತಿಯಲ್ಲಿ ಐದು ಬೈಟ್ ಕಳಿಸಿದರೆ ಸಾಕು. ಲೆಕ್ಕ ಸುಲಭ. ಬೇಕಾದ ಫ್ರೀಕ್ವೆನ್ಸಿಗೆ 225 ಕಿಲೋಹರ್ಟ್ಸ್ ಕೂಡಿಸಿ, ಅದನ್ನು ಹರ್ಟ್ಸ್‌ನಲ್ಲಿ ಬರೆದು, 4ರಿಂದ ಗುಣಿಸಿ, 32768ರಿಂದ ಭಾಗಿಸಬೇಕು. ಭದ್ರಾವತಿ ಆಕಾಶವಾಣಿಯ 103.5 ಮೆಗಾಹರ್ಟ್ಸ್‌ಗೆ 12662 ಬರುತ್ತದೆ, ಆ ಬೈಟ್‌ಗಳಲ್ಲಿ ಹೋಗುವುದು ಈ ಸಂಖ್ಯೆಯೇ.

ಮೊದಲ ದಿನ ಹಾಡು ಬಂತು, ಜೊತೆಗೆ ಟಿಕ್ ಟಿಕ್ ಸದ್ದೂ ಬಂತು. ತಪ್ಪು ನನ್ನದೇ. ಟ್ಯೂನಿಂಗ್‌ಗೆ ಪೊಟೆನ್ಷಿಯೋಮೀಟರ್ (ಹಳೆ ವಾಲ್ಯೂಮ್ ತಿರುಗಣೆಯಂಥದು, ನಮ್ಮ ಬಾಯಲ್ಲಿ ಪಾಟ್) ಹಾಕಿ, ಪ್ರೋಗ್ರಾಮ್ ಅದನ್ನು ಓದುತ್ತಲೇ ಇರುವಂತೆ ಬರೆದಿದ್ದೆ. ಸವೆದ ಪಾಟ್, ರೀಡಿಂಗ್ ಒಂದು ಕಡೆ ನಿಲ್ಲದು. ಅದು ಅಲ್ಲಾಡಿದಾಗಲೆಲ್ಲ ಚಿಪ್ ಅದೇ ಸ್ಟೇಷನ್ ಮತ್ತೆ ಹೇಳುತ್ತದೆ, ರೇಡಿಯೋ ಮತ್ತೆ ಟ್ಯೂನ್ ಆಗುತ್ತದೆ.

ಟಿಕ್ ಟಿಕ್ ಅಲ್ಲದೆ ಒಂದು ಗೊರಗೊರವೂ ಇತ್ತು. ಚಿಪ್ಪನ್ನು ಅದರ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕಿನಲ್ಲೇ, ಅಂದರೆ ಕೆಲಸಕ್ಕೆ ತಾಳ ಹಾಕುವ ಮಿಡಿತದಲ್ಲೇ, ಓಡಿಸುತ್ತಿದ್ದೆ. ಎಂಟು ಹದಿಮೂರಲೆ 104! ಈ ಕ್ಲಾಕು ಕ್ರಿಸ್ಟಲ್‌ನಷ್ಟು ಕರಾರುವಾಕ್ಕಲ್ಲ. ಚೂರು ಕೆಳಗೆ ಜಾರಿದರೆ ಅದರ ಹದಿಮೂರನೇ ಹಾರ್ಮೋನಿಕ್ (ಹದಿಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹೊಮ್ಮುವ ಅಲೆ) ನೇರ ಭದ್ರಾವತಿ ಮೇಲೇ ಕೂರುತ್ತದೆ.

ಚಿಪ್ಪಿಗೆ ಶೀಲ್ಡ್ (ಲೋಹದ ಹೊದಿಕೆ) ಹಾಕಬಹುದಿತ್ತು. ನಾನು ಚಿಪ್ಪನ್ನೇ ಮಲಗಿಸಿದೆ. ಒಮ್ಮೆ ಹೇಳಿದ ಸ್ಟೇಷನ್ನನ್ನು ಮಾಡ್ಯೂಲ್ ತಾನೇ ಹಿಡಿದುಕೊಂಡಿರುತ್ತದೆ, ಕಾವಲು ಬೇಡ. ಪಾಟ್ ತೆಗೆದು ಹಳೆ ಕಾರ್ ಸ್ಟೀರಿಯೋದ ರೋಟರಿ ಎನ್‌ಕೋಡರ್ ಹಾಕಿದೆ, ಅದು ತಿರುಗಿಸಿದಾಗ ಮಾತ್ರ ಸಿಗ್ನಲ್ ಕೊಡುವ ತಿರುಗಣೆ. ತಿರುಗಿಸಿದರೆ ಚಿಪ್ ಎದ್ದು, ಹೊಸ ಸ್ಟೇಷನ್ ಹೇಳಿ, ಮತ್ತೆ ಪವರ್‌ಡೌನ್ ಎಂಬ ಗಾಢ ನಿದ್ದೆಗೆ ಹೋಗುತ್ತದೆ. ಆಗ ಕ್ಲಾಕೇ ನಿಲ್ಲುತ್ತದೆ. ಟಿಕ್ ಟಿಕ್ ಇಲ್ಲ, ಗೊರಗೊರವೂ ಇಲ್ಲ.

ಆಂಪ್ಲಿಫೈಯರ್‌ಗೆ ಟಿಡಿಎ2822ಎಂ. ಹಳೆ ಐಸಿ ಎಂದು ಮೂಗು ಮುರಿಯಬೇಡಿ. 1.8 ವೋಲ್ಟಿಗೂ ಹಾಡುತ್ತದೆ, ಈಗಿನ ಕ್ಲಾಸ್ ಡಿ ಬೋರ್ಡುಗಳ ಹಾಗೆ ತಾನೇ ಗಲಾಟೆ ಎಬ್ಬಿಸುವುದಿಲ್ಲ. ಬ್ಯಾಟರಿಗೆ ಲ್ಯಾಪ್‌ಟಾಪಿನ ಒಂದು 18650 ಸೆಲ್ (ಉರುಳೆಯಾಕಾರದ ಲಿಥಿಯಂ ಸೆಲ್), ಪ್ರೊಟೆಕ್ಷನ್ ಬೋರ್ಡ್ ಸಮೇತ. 2 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ನಾನು ಚಾರ್ಜಿಗೇ ಹಾಕುವುದಿಲ್ಲ. ಬೆಂಕಿಯ ಜೊತೆ ಸರಸ ಯಾಕೆ?

ಆಂಟೆನಾ 72 ಸೆಂಟಿಮೀಟರ್ ತಂತಿ, 103.5ರ ಕಾಲು ತರಂಗದಷ್ಟು ಉದ್ದ. ಅಂಗಡಿಯಲ್ಲಿ ಸ್ಪಷ್ಟ ಕೇಳುತ್ತಿತ್ತು. ಅವರ ಮನೆಯಲ್ಲಿ ಬರೀ ಸೊಂಯ್. ಮನೆ ತಗ್ಗಿನಲ್ಲಿದೆ, ನಡುವೆ ಗುಡ್ಡ. ಮೀಡಿಯಂ ವೇವ್ ಆದರೆ ನೆಲ ಹಿಡಿದು ಬರುತ್ತದೆ, ಎಫ್‌ಎಂಗೆ ಗುಡ್ಡ ಅಡ್ಡ ಬಂದರೆ ಕಷ್ಟ. ಕೊನೆಗೆ ರೇಡಿಯೋವನ್ನು ಅಟ್ಟದ ತೊಲೆಗೆ ತೂಗುಹಾಕಿ, ಉದ್ದ ವೈರಿನಲ್ಲಿ ಸ್ಪೀಕರನ್ನಷ್ಟೇ ಕೆಳಗಿಳಿಸಿದೆವು. ಸ್ಟೇಷನ್ ಬದಲಿಸಲು ಏಣಿ ಹತ್ತಬೇಕು, ಅವರಿಗೆ ಬೇರೆ ಸ್ಟೇಷನ್ ಬೇಕಿರಲಿಲ್ಲ.

ಮೊನ್ನೆ ಫೋನ್ ಬಂದಿತ್ತು. ಮಳೆಗೆ ಹೆಂಚಿನ ಸದ್ದೇ ಜಾಸ್ತಿಯಂತೆ, ಇನ್ನೊಂದು ಸ್ಪೀಕರ್ ಬೇಕಂತೆ.