ಪದ ಪರಿಚಯ: ಪರ್ಪೆಟ್ರೇಟರ್ ಆಲ್ಬಮ್

ಅಪರಾಧ ಮಾಡಿದವರೇ ತೆಗೆದ, ಇಲ್ಲವೇ ಜೋಡಿಸಿಟ್ಟುಕೊಂಡ ಫೋಟೋಗಳ ಆಲ್ಬಮ್‌ಗೆ ಈ ಹೆಸರು. ಎರಡನೇ ಮಹಾಯುದ್ಧದ ಜರ್ಮನ್ ಪೊಲೀಸರು ಮತ್ತು ಎಸ್‌ಎಸ್‌ನವರ (ಹಿಟ್ಲರನ ನಾಜಿ ಪಕ್ಷದ ಸಶಸ್ತ್ರ ಪಡೆಯವರ) ಆಲ್ಬಮ್‌ಗಳ ವಿಷಯದಲ್ಲಿ ಇದು ಜಾಸ್ತಿ ಕೇಳಿಬರುತ್ತದೆ.

ಪೊಲೀಸರು ಅಂದರೆ ಬೀದಿಯಲ್ಲಿ ಬೀಟ್ ತಿರುಗುವವರು ಮಾತ್ರ ಅಲ್ಲ. ಹ್ಯಾಂಬರ್ಗ್‌ನ 101ನೇ ಮೀಸಲು ಪೊಲೀಸ್ ಬೆಟಾಲಿಯನ್ನನ್ನೇ ನೋಡಿ. ಸುಮಾರು 500 ಜನ. ಬಹುತೇಕರು ಹೆಂಡತಿ ಮಕ್ಕಳಿದ್ದ ನಡುವಯಸ್ಸಿನವರು. ಬಂದರಿನ ಕೂಲಿಗಳು, ಲಾರಿ ಡ್ರೈವರ್‌ಗಳು, ಗುಮಾಸ್ತರು. 1942ರ ಜುಲೈ 13ರಂದು ಪೋಲೆಂಡ್‌ನ ಯೂಜೆಫೂಫ್‌ನಲ್ಲಿ ಇವರು ಸುಮಾರು 1,500 ಯಹೂದಿಗಳನ್ನು ಕಾಡಿಗೆ ಕರೆದೊಯ್ದು ಗುಂಡಿಟ್ಟು ಕೊಂದರು.

ಇಂಥವರ ಕೈಯಲ್ಲೂ ಕ್ಯಾಮೆರಾ ಇತ್ತು. 1932ರಲ್ಲೇ ಆಗ್ಫಾ ಕಂಪನಿ ಬರೀ 4 ಮಾರ್ಕ್‌ಗೆ ಬಾಕ್ಸ್ ಕ್ಯಾಮೆರಾ ಮಾರಿತ್ತು. ಈ ಬೆಟಾಲಿಯನ್‌ನಲ್ಲಿ ಫೋಟೋಗಳನ್ನು ಗೋಡೆಗೆ ಹಾಕಿರುತ್ತಿದ್ದರು, ಬೇಕಾದವರು ಪ್ರತಿ ಹೇಳಿ ಮಾಡಿಸಿಕೊಳ್ಳಬಹುದಿತ್ತು ಎಂದು ಯುದ್ಧ ಮುಗಿದ ಮೇಲೆ ಅದರಲ್ಲಿದ್ದವರೊಬ್ಬರು ತನಿಖೆಯಲ್ಲಿ ಹೇಳಿದ್ದಾರೆ. ಮದುವೆಮನೆಯ ಫೋಟೋಗೆ ಆರ್ಡರ್ ಕೊಟ್ಟ ಹಾಗೆ!

ಹತ್ಯೆಯ ಫೋಟೋ ತೆಗೆಯಬಾರದು ಎಂಬ ಆದೇಶವೇನೋ ಇತ್ತು. ಮಾಕ್ಸ್ ಟಾಯ್ಬ್ನರ್ ಎಂಬ ಎಸ್‌ಎಸ್ ಅಧಿಕಾರಿ ಉಕ್ರೇನ್‌ನಲ್ಲಿ ತೆಗೆಸಿದ ಇಂಥ ಚಿತ್ರಗಳನ್ನು ಹೆಂಡತಿಗೂ ಸ್ನೇಹಿತರಿಗೂ ತೋರಿಸಿದ್ದ. 1943ರಲ್ಲಿ ಎಸ್‌ಎಸ್‌ನದೇ ಕೋರ್ಟು ಅವನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಯಹೂದಿಗಳನ್ನು ಕೊಂದದ್ದಕ್ಕಲ್ಲ. ಅದಕ್ಕೆ ಶಿಕ್ಷೆ ಬೇಡ ಎಂದೇ ಕೋರ್ಟು ಹೇಳಿತು! ಶಿಸ್ತು ಮುರಿದದ್ದು, ಫೋಟೋ ತೆಗೆಸಿ ಊರಿಗೆಲ್ಲ ತೋರಿಸಿದ್ದು ಅದಕ್ಕೆ ತಪ್ಪಾಗಿ ಕಂಡವು.

ಹಾಗಂತ ಎಲ್ಲ ಆಲ್ಬಮ್‌ಗಳಲ್ಲೂ ಹೆಣಗಳು ಕಾಣುವುದಿಲ್ಲ. ನಾಜಿಗಳ ಆಶ್ವಿಟ್ಜ್ ಹತ್ಯಾ ಶಿಬಿರದ ಕಮಾಂಡೆಂಟ್‌ನ ಸಹಾಯಕನಾಗಿದ್ದ ಕಾರ್ಲ್ ಹೋಕರ್‌ನ ಆಲ್ಬಮ್‌ನಲ್ಲಿ 116 ಫೋಟೋಗಳಿವೆ. ಒಂದರಲ್ಲೂ ಕೈದಿಗಳ ಸಂಕಟ ಇಲ್ಲ. 1944ರ ಜುಲೈ 22ರ ಸಾಲು ಚಿತ್ರಗಳಲ್ಲಿ ಕಚೇರಿ ಕೆಲಸದ ಹುಡುಗಿಯರು ರೇಲಿಂಗ್ ಮೇಲೆ ಕೂತು ಬ್ಲೂಬೆರಿ ತಿನ್ನುತ್ತಾರೆ. ಪಕ್ಕದಲ್ಲೇ ಒಬ್ಬ ಅಕಾರ್ಡಿಯನ್ ನುಡಿಸುತ್ತಾನೆ. ಕೊನೆಗೆ ಬಟ್ಟಲು ಬೋರಲು ಹಾಕಿ ತೋರಿಸುತ್ತಾರೆ, ಒಬ್ಬಳು ಸುಮ್ನೆ ಅಳುವ ನಟನೆ ಮಾಡುತ್ತಾಳೆ. ಹಂಗೇರಿಯಿಂದ ರೈಲುಗಳಲ್ಲಿ ತಂದ ಲಕ್ಷಾಂತರ ಯಹೂದಿಗಳನ್ನು ಅದೇ ಬೇಸಿಗೆಯಲ್ಲಿ ಅದೇ ಶಿಬಿರದಲ್ಲಿ ಕೊಂದಿದ್ದರು. ನನಗಂತೂ ಹತ್ಯೆಯ ಚಿತ್ರಗಳಿಗಿಂತ ಈ ನಗುವೇ ಜಾಸ್ತಿ ಕಾಡುತ್ತದೆ.

ಅದಕ್ಕೇ ಆಲ್ಬಮ್‌ನಿಂದ ಒಂದು ಭೀಕರ ಚಿತ್ರ ಮಾತ್ರ ಕಿತ್ತು ತೋರಿಸಿದರೆ ಅರ್ಧ ಸಾಕ್ಷಿ ಕೈತಪ್ಪುತ್ತದೆ. ಯಾವ ಫೋಟೋ ಪಕ್ಕ ಯಾವುದನ್ನು ಅಂಟಿಸಿದ್ದಾರೆ, ಕೆಳಗೆ ಏನು ಬರೆದಿದ್ದಾರೆ, ಎಲ್ಲಿ ಅಂಟಿನ ಗುರುತು ಮಾತ್ರ ಉಳಿದಿದೆ ಎನ್ನುವುದೆಲ್ಲ ಮುಖ್ಯ. ಅಟ್ಟದಲ್ಲಿ ಅಜ್ಜನ ಆಲ್ಬಮ್ ಸಿಕ್ಕ ಮೊಮ್ಮಕ್ಕಳು ಅದನ್ನು ಬಿಡಿಬಿಡಿಯಾಗಿ ಮಾರದೆ, ಇಡಿಯಾಗಿ ದಾಖಲೆ ಸಂಗ್ರಹಕ್ಕೆ ಕೊಟ್ಟರೆ ಇವೆಲ್ಲ ಉಳಿಯುತ್ತವೆ, ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಊರಿನ ಹೆಸರೂ ಸೇರಿ.